ಹರಳಾಯಿತೆಂದು ಮೊಸರಿನ ಗಡಿಗೆ ಬೋರಲು ಹಾಕಬೇಡಿ

ಮೊನ್ನೆ ಹುಬ್ಬಳ್ಳಿಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಸೊಸೆ ಬಿಸಿ ರೊಟ್ಟಿ, ರಾಜಗಿರಿ ಪಲ್ಯ, ಶೇಂಗಾ ಹಿಂಡಿ ಎಲ್ಲ ಬಡಿಸಿದಳು. ಮೊಸರು ಮಾತ್ರ ಇಲ್ಲ. ಕೇಳಿದರೆ, "ಇವರಿಗೆ ಕಿಡ್ನಿಯೊಳಗ ಹರಳ ಆಗೇತ್ರಿ ದೊಡ್ಡವ್ವ. ರಿಪೋರ್ಟಿನೊಳಗ ಕ್ಯಾಲ್ಸಿಯಂ ಅಂತ ಬಂದೇತಿ. ಅದಕ್ಕ ಹಾಲು ಮೊಸರು ಬಂದ್ ಮಾಡೇವಿ" ಅಂದಳು. ತಟ್ಟೆ ಮುಂದೆ ಕೂತಲ್ಲೇ ನನಗೆ ಸಿಟ್ಟು ಬಂತು.

ಮೂವತ್ತು ವರ್ಷದ ಹಿಂದೆ ನಮ್ಮ ಮನೆಯವರಿಗೆ ಹರಳಾದಾಗ ನಾವೂ ಇದನ್ನೇ ಮಾಡಿದ್ದೆವು. ಯಾರೋ ಹೇಳಿದರು, ಹಾಲು ಬಿಡಿಸಿದೆವು. ಎರಡೇ ವರ್ಷಕ್ಕೆ ಮತ್ತೆ ಹರಳು. ನಡುರಾತ್ರಿ ಅವರು ನೆಲದ ಮೇಲೆ ಹೊರಳಾಡಿದ್ದನ್ನು ನಾನಿನ್ನೂ ಮರೆತಿಲ್ಲ.

ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಜೊತೆಗೆ ಆಕ್ಸಲೇಟ್ ಅಂತಲೂ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಪಾಲಕ, ರಾಜಗಿರಿ, ಶೇಂಗಾ, ಚಹಾ, ಇವುಗಳಿಂದ ಬರುವುದು ಅದು. ಊಟದಲ್ಲಿ ಮೊಸರಿದ್ದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಎರಡೂ ಕೂಡಿ ಮಲದಲ್ಲಿ ಹೋಗುತ್ತವೆ. ಮೊಸರಿಲ್ಲದಿದ್ದರೆ ಆಕ್ಸಲೇಟು ರಕ್ತಕ್ಕೆ ಸೇರಿ ಕಿಡ್ನಿಗೆ ಇಳಿದು ಅಲ್ಲಿ ಹರಳು ಕಟ್ಟುತ್ತದೆ. ಇಟಲಿಯಲ್ಲಿ ಇಂಥ ಹರಳಿನ 120 ಗಂಡಸರನ್ನು ಐದು ವರ್ಷ ನೋಡಿದ್ದರು, 2002ರಲ್ಲಿ ಅದು ಅಚ್ಚಾಯಿತು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಮತ್ತೆ ಹರಳಾಯಿತು. ಕ್ಯಾಲ್ಸಿಯಂ ಬಿಡದೆ ಉಪ್ಪು, ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ ಮಾತ್ರ.

ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತಾರೆ. ರಾಗಿ ಉಣ್ಣುವ ಸೀಮೆಯವರಿಗೆ ರಾಗಿಯಲ್ಲೇ ಒಂದಷ್ಟು ಸಿಗುತ್ತದೆ. ನಮ್ಮ ಜೋಳದಲ್ಲಿ ಅದು ಅಷ್ಟಕ್ಕಷ್ಟೆ. ಹಾಲು ಮೊಸರನ್ನೂ ಬಿಟ್ಟರೆ ಇನ್ನೇನು ಉಳಿಯಿತು?

ಹಾಗಂತ ಪ್ಯಾಕೆಟ್ ಮೊಸರು ತಂದಿಟ್ಟು ಕೈ ತೊಳೆದುಕೊಳ್ಳಬೇಡಿ. ಮನೆಯಲ್ಲಿ ಹೆಪ್ಪು ಹಾಕಿ, ಅದೂ ಮಣ್ಣಿನ ಗಡಿಗೆಯಲ್ಲಿ. ಎಮ್ಮೆ ಹಾಲನ್ನು ಸಣ್ಣ ಉರಿಯಲ್ಲಿ ಕೆನೆಗಟ್ಟುವ ತನಕ ಕಾಯಿಸಿ. ಕಿರುಬೆರಳು ಅದ್ದಿ ನೋಡಿ. ಸುಡಬಾರದು, ತಣ್ಣಗೂ ಇರಬಾರದು, ಕೂಸಿನ ಮೈಯಷ್ಟು ಬೆಚ್ಚಗಿರಬೇಕು. ಹೆಪ್ಪು ನಿನ್ನೆಯದೇ ಆಗಲಿ, ಹುಳಿ ಬಂದದ್ದು ಬೇಡ. ಅದನ್ನು ಹಾಲಿಗೆ ಧೊಪ್ಪನೆ ಹಾಕುವವರನ್ನು ಕಂಡರೆ ನನಗಾಗುವುದಿಲ್ಲ. ಬೆರಳಲ್ಲಿ ನುಣ್ಣಗೆ ಮಾಡಿ ಗಡಿಗೆಯ ಒಳಮೈಗೆಲ್ಲ ಸವರಿ. ಆಮೇಲೆ ಹಾಲನ್ನು ಒಂದು ಮೊಳ ಮೇಲಿನಿಂದ ನೊರೆ ಬರುವ ಹಾಗೆ ಸುರಿಯಿರಿ. ಸಿಂಬಿಯ ಮೇಲೆ ಕೂರಿಸಿದ ಮೇಲೆ ಮುಟ್ಟಬೇಡಿ, ಆಗಾಗ ಮುಚ್ಚಳ ತೆಗೆದು ಇಣುಕಲೂ ಬೇಡಿ. ಧಾರವಾಡದ ಮಳೆಗಾಲದ ಥಂಡಿಗೆ ನಮ್ಮವ್ವ ಗಡಿಗೆಗೆ ಹಳೆ ಕೌದಿ ಸುತ್ತಿ ಜೋಳದ ಚೀಲಗಳ ನಡುವೆ ಇಡುತ್ತಿದ್ದಳು. ಬೆಳಿಗ್ಗೆ ಸೌಟು ಹಾಕಿದರೆ ಕೊಯ್ದ ಹಾಗೆ ಹೋಳಾಗಿ ಬರುತ್ತಿತ್ತು. ಮೇಲೆ ನಿಂತ ತಿಳಿನೀರನ್ನು ಚೆಲ್ಲಬೇಡಿ, ಕ್ಯಾಲ್ಸಿಯಂ ಅದರಲ್ಲೂ ಇದೆ.

ಗಡಿಗೆಗೆ ಸೋಪು ಮುಟ್ಟಿಸಬೇಡಿ, ಮಣ್ಣು ಹೀರಿಕೊಳ್ಳುತ್ತದೆ. ಬಿಸಿನೀರು, ತೆಂಗಿನ ನಾರು, ಆಮೇಲೆ ಬಿಸಿಲು. ರೊಟ್ಟಿ ಹಂಚನ್ನೂ ಹೀಗೇ ಸೋಪು ಹಾಕಿ ತಿಕ್ಕುತ್ತೀರಿ, ಮತ್ತೆ ರೊಟ್ಟಿ ಯಾಕೆ ಹಂಚಿಗೆ ಹತ್ತುತ್ತದೆ ಅಂತ ನನ್ನನ್ನೇ ಕೇಳುತ್ತೀರಿ.

ಈ ಮೊಸರು ಪಲ್ಯದ ಜೊತೆಗೇ ಹೊಟ್ಟೆಗೆ ಹೋಗಬೇಕು. ಮಧ್ಯಾಹ್ನ ಪಲ್ಯ, ರಾತ್ರಿ ಮೊಸರು ಅಂದರೆ ಒಂದಕ್ಕೊಂದು ಸಿಗುವುದೇ ಇಲ್ಲ, ಅಲ್ವಾ? ಪಾಲಕ, ರಾಜಗಿರಿಯನ್ನು ಕುದಿಸಿ ನೀರು ಬಸಿದು ಒಗ್ಗರಣೆ ಹಾಕಿ. ಹರಳಾದವರು ಅವನ್ನು ಅಪರೂಪಕ್ಕೆ ತಿನ್ನಲಿ, ಮೆಂತ್ಯೆ ಪಲ್ಯ ಹೆಚ್ಚು ಮಾಡಲಿ. ಖಾಲಿ ಹೊಟ್ಟೆಗೆ ಹಸಿ ಪಾಲಕದ ಜ್ಯೂಸು ಕುಡಿಯುವುದನ್ನು ಮೊದಲು ನಿಲ್ಲಿಸಿ.

ಮಜ್ಜಿಗೆಗೆ ಉಪ್ಪು ಹಾಕಿಯೂ ಹಾಕದಷ್ಟು ಸಾಕು. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಹಪ್ಪಳ, ಉಪ್ಪಿನಕಾಯಿಗೂ ಇದೇ ಲೆಕ್ಕ. ಮೂತ್ರ ತಿಳಿಯಾಗುವಷ್ಟು ನೀರು ಕುಡಿಯಿರಿ, ಆಗಾಗ ಲಿಂಬೆಹಣ್ಣು ಹಿಂಡಿಕೊಳ್ಳಿ. ಕ್ಯಾಲ್ಸಿಯಂ ಗುಳಿಗೆಯ ಮಾತೇ ಬೇರೆ. ಅದನ್ನು ಸುಮ್ನೆ ನುಂಗಬೇಡಿ. ಡಾಕ್ಟರು ಬರೆದುಕೊಟ್ಟರೆ ಮಾತ್ರ, ಊಟದ ಜೊತೆಗೆ ತಗೊಳ್ಳಬಹುದಾ ಅಂತ ಅವರನ್ನೇ ಕೇಳಿ. ಹರಳಿನಲ್ಲಿ ಬೇರೆ ಬೇರೆ ಜಾತಿ ಇವೆ, ನಿಮ್ಮದು ಯಾವುದು ಅಂತಲೂ ಅಲ್ಲೇ ಕೇಳಿಕೊಳ್ಳಿ.

ತಂಗಿಯ ಸೊಸೆಗೆ ನಾನೇ ಒಂದು ಗಡಿಗೆ ಕೊಡಿಸಿ ಬಂದಿದ್ದೇನೆ. ಎರಡು ದಿನ ನೀರು ತುಂಬಿಟ್ಟು, ಆಮೇಲೆ ಹೆಪ್ಪು ಹಾಕು ಅಂತ ಹೇಳಿದ್ದೇನೆ.