ಎಸಿ ಕೂಡ್ರಿಸಿದ ಕಾಂಟ್ರಾಕ್ಟರ್ ಕೂಡ ತಕರಾರ ಬಂದ್ರ ಏನ್ ಮಾಡಬೇಕು

ಎಸಿ ಕೂಡ್ರಿಸಿ ಎರಡ ತಿಂಗಳಾಗಿರ್ತೈತಿ, ತಂಪ ಕಡಿಮಿ ಆಗ್ತೈತಿ, ಕಾಂಟ್ರಾಕ್ಟರ್‌ಗೆ ಫೋನ್ ಹಚ್ಚಿದ್ರ "ಗ್ಯಾಸ್ ಖಾಲಿ ಆಗೇತ್ರಿ ಅಕ್ಕೋರ, ತುಂಬಸಿದ್ರ ಸರಿ ಹೋಗ್ತೈತಿ, ಮೂರ ಸಾವಿರ ಆಗ್ತೈತಿ" ಅಂತಾರ. ಈ ಮಾತ ಕೇಳಿ ರೊಕ್ಕ ಕೊಡಬ್ಯಾಡ್ರಿ. ಎಸಿ ಗ್ಯಾಸ್ ಅಡಗಿ ಮನಿ ಸಿಲಿಂಡರ್ ಗ್ಯಾಸ್ ಹಂಗ ಉರದ ತೀರೂದಲ್ಲ, ಪೈಪಿನ ಒಳಗ ಸುತ್ತತಾ ಇರ್ತೈತಿ, ಎಷ್ಟ ವರ್ಷ ಆದ್ರೂ ಅಷ್ಟ ಇರಬೇಕು. ಕಡಿಮಿ ಆಗೇತಿ ಅಂದ್ರ ಎಲ್ಲೋ ಲೀಕ್ ಐತಿ ಅಂತ ಅರ್ಥ, ಆ ಲೀಕ್ ಎಲ್ಲೈತಿ ಅನ್ನೂದರ ಮ್ಯಾಲೆ ಯಾರು ಖರ್ಚ ಕೊಡಬೇಕು ಅನ್ನೂದ ನಿಂತೈತಿ.

ನಮ್ಮ ಮನಿ ಹುಬ್ಬಳ್ಳಿ ನವನಗರದಾಗ, ಮ್ಯಾಲಿನ ರೂಮು, ಏಪ್ರಿಲ್‌ದಾಗ ಸ್ಲ್ಯಾಬ್ ಕಾದ ಬಿಟ್ರ ರಾತ್ರಿ ಹನ್ನೊಂದಕ್ಕೂ ಗ್ವಾಡಿ ಮುಟ್ಟಿದ್ರ ಬಿಸಿ. ಒಂದೂವರೆ ಟನ್ ಸ್ಪ್ಲಿಟ್ ಎಸಿ ಅಂಗಡ್ಯಾಗ ತಗೊಂಡ್ವಿ, ಕೂಡ್ರಸೂ ಕೆಲಸ ಮಾತ್ರ ಮನಿ ರಿಪೇರಿ ಮಾಡಾಕತ್ತಿದ್ದ ಕಾಂಟ್ರಾಕ್ಟರ್‌ಗೇ ಕೊಟ್ವಿ. ಪೈಪು ವಾಯರು ಸ್ಟ್ಯಾಂಡು ಎಲ್ಲಾ ಸೇರಿ 14 ಸಾವಿರಕ್ಕ ಮಾತಾಗಿತ್ತು, 10 ಕೊಟ್ಟಿದ್ವಿ, 4 ಉಳದಿತ್ತು. ಜೂನ್ ಬರೂದ್ರಾಗ ತಂಪಿಲ್ಲ, ಮ್ಯಾಲೆ ಒಳಗಿನ ಯೂನಿಟ್ ಕೆಳಗ ಗ್ವಾಡಿ ಬಣ್ಣಾ ಉಬ್ಬಾಕ ಹತ್ತಿತು. ಕಾಂಟ್ರಾಕ್ಟರ್‌ನ ಕೇಳಿದ್ರ "ಪೀಸೇ ಸರಿ ಇಲ್ಲ, ಕಂಪನಿಗೆ ಕೇಳ್ರಿ", ಕಂಪನಿಗೆ ಫೋನ್ ಮಾಡಿದ್ರ "ಕೂಡ್ರಿಸಿದ್ದ ನಮ್ಮವ್ರಲ್ಲ". ನಡಕ ನಾವು.

ಇಂಥಾದ್ರಾಗ ಮೊದಲನೇ ಕೆಲಸ ಅಂದ್ರ ಯಾರಿಗೂ ಕೈ ಹಚ್ಚಾಕ ಬಿಡಬ್ಯಾಡ್ರಿ. ಅರ್ಜಂಟಿಗೆ ಬ್ಯಾರೆ ಮೆಕ್ಯಾನಿಕ್ ಕರಸಿ ಗ್ಯಾಸ್ ತುಂಬಸಿದ್ರೋ, ಮುಗೀತು, ನಾಳೆ "ನಡಕ ಬ್ಯಾರೆ ಯಾರೋ ಬಿಚ್ಚಿ ಕೆಡಿಸ್ಯಾರ" ಅಂತ ಇಬ್ಬರೂ ಕೈ ತೊಳಕೋತಾರ. ಸೆಕೆ ತಡಕೊಂಡ ನಾಲ್ಕ ದಿನ ಫ್ಯಾನಿನ್ಯಾಗ ಇರ್ರಿ.

ಆಮೇಲೆ ಹೊರಗಿನ ಯೂನಿಟ್ ಹತ್ರ ಹೋಗ್ರಿ (ಮೊದಲ ಎಂಸಿಬಿ, ಅಂದ್ರ ಎಸಿ ಕರೆಂಟಿನ ಮೇನ್ ಸ್ವಿಚ್, ಬಂದ್ ಮಾಡ್ರಿ, ಎತ್ತರಕ್ಕ ಜೋತಾಡಿಸಿದ್ರ ನೀವ್ ಹತ್ತಬ್ಯಾಡ್ರಿ). ಬಾಜೂಕ ಎರಡ ಹಿತ್ತಾಳಿ ನಟ್ ಇರ್ತಾವು, ಒಂದ ಸಣ್ಣದು ಒಂದ ದೊಡ್ಡದು, ತಾಮ್ರದ ಪೈಪಿನ ತುದಿ ಅಗಲ ಮಾಡಿ ಅದರಾಗ ಬಿಗದಿರ್ತಾರ, ಫ್ಲೇರ್ ಜಾಯಿಂಟ್ ಅಂತಾರ ಅದಕ್ಕ. ಗ್ಯಾಸ್ ಜೋಡಿ ಕಂಪ್ರೆಸರ್ ಎಣ್ಣಿನೂ ಸುತ್ತತಿರ್ತೈತಿ, ಅದಕ್ಕ ಲೀಕ್ ಇದ್ದಲ್ಲಿ ಎಣ್ಣಿ ಜಿಗಿ ಕಾಣತೈತಿ. ನಮ್ಮದರಾಗ ದೊಡ್ಡ ನಟ್ಟಿನ ಸುತ್ತ ಧೂಳ ಹಿಡದ ಕರ್ರಗ ಅಂಟಾಗಿತ್ತು. ಪಾತ್ರಿ ತೊಳಿಯೂ ಲಿಕ್ವಿಡ್ ನೀರಾಗ ಕಲಸಿ ಬ್ರಶ್‌ಲೆ ಹಚ್ಚಿದೆ, ಒಂದ ನಿಮಿಷ ಏನೂ ಇಲ್ಲ, ಆಮೇಲೆ ಸಾಸಿವಿ ಕಾಳಿನಷ್ಟ ಗುಳ್ಳಿ ಒಂದೊಂದ ಎದ್ದ ದೊಡ್ಡದಾಗಾಕ ಹತ್ತಿದ್ವು. ಅದನ್ನ ಪೂರಾ ವಿಡಿಯೋ ಮಾಡಿಟ್ಟೆ. ಆ ಜಾಯಿಂಟ್ ಕೂಡ್ರಸೂವವ್ರ ಕೈಯಾಗ ಆಗೂ ಕೆಲಸ, ಫ್ಯಾಕ್ಟರಿದಲ್ಲ. ಅದ ಲೀಕ್ ಕಾಯಿಲ್‌ನ್ಯಾಗ (ಯೂನಿಟ್ ಒಳಗಿನ ಪೈಪಿನ ಸುರುಳಿ) ಇತ್ತಂದ್ರ ಕಂಪನಿ ವಾರಂಟಿ, ಆವಾಗ ಕಾಂಟ್ರಾಕ್ಟರ್‌ನ ಬಯ್ಯೂದ ನ್ಯಾಯ ಅಲ್ಲ.

ಗ್ವಾಡಿ ನೀರಿಂದೂ ಹಂಗ. ಒಳಗಿನ ಯೂನಿಟ್ ಡ್ರೇನ್ ಟ್ರೇದಾಗ ಒಂದ ಬಾಟ್ಲಿ ನೀರ ನಿಧಾನ ಹಾಕ್ರಿ, ಹೊರಗಿನ ಪೈಪಿನ್ಯಾಗ ಅಷ್ಟೂ ಇಳದ ಬರಬೇಕು. ನಮ್ಮಲ್ಲಿ ಅರ್ಧಾನೂ ಬರಲಿಲ್ಲ, ಪೈಪ ಹೋಗೂ ಗ್ವಾಡಿ ತೂತ ಒಳಗ ಕೆಳಗ, ಹೊರಗ ಮ್ಯಾಲೆ ಕೊರದಿದ್ರು, ನೀರ ಏರಿ ಹೋಗ್ತದೇನ್ರಿ.

ಪೈಪ ಗ್ವಾಡಿ ಒಳಗ ಮುಚ್ಚಿದ್ರ ಮಾತ್ರ ಒಡಿಯೂಕಿಂತ ಮೊದಲ ನೈಟ್ರೋಜನ್ ಟೆಸ್ಟ್ ಕೇಳ್ರಿ, ಎರಡೂ ಯೂನಿಟ್ ಬಿಚ್ಚಿ ಬರೇ ಪೈಪಿಗೆ ನೈಟ್ರೋಜನ್ ತುಂಬಿ ಒಂದ ರಾತ್ರಿ ಬಿಡೂದು, ಬೆಳಿಗ್ಗೆ ಗೇಜ್ (ಒತ್ತಡ ತೋರಸೂ ಮೀಟರ್) ಇಳದಿದ್ರ ಗ್ವಾಡಿ ಒಳಗಿನ ಪೈಪೇ ಹೋಗೇತಿ.

ಇಷ್ಟಾದ ಮ್ಯಾಲೆ ಕಂಪನಿ ಸರ್ವೀಸ್‌ನವ್ರನ್ನ ಕರಸ್ರಿ, ವಿಸಿಟ್ ಚಾರ್ಜ್ ತಗೊಂಡ್ರೂ ಚಿಂತಿಲ್ಲ. ಬಂದ ಹುಡುಗ ಬಾಯಾಗ "ಇನ್‌ಸ್ಟಾಲೇಶನ್ ತಪ್ಪ ಐತ್ರಿ" ಅಂತ ಹೇಳಿ ಹೋಗ್ತಾನ, ಹಂಗ ಹೋಗಾಕ ಬಿಡಬ್ಯಾಡ್ರಿ. "ಅಣ್ಣಾ, ಎಲ್ಲಿ ಲೀಕ್ ಐತಿ ಅಂತ ಜಾಬ್ ಶೀಟ್‌ದಾಗ ಬರದ ಸಹಿ ಮಾಡಿಕೊಡಪಾ" ಅಂತ ಕೇಳಿ ಬರಸ್ಕೋರಿ. ಇಡೀ ತಕರಾರಿನ್ಯಾಗ ನಿಮ್ಮ ಕೈಗೆ ಬರೂ ಬಲ ಅಂದ್ರ ಆ ಒಂದ ಹಾಳಿ.

ಈಗ ಕಾಂಟ್ರಾಕ್ಟರ್‌ಗೆ ಬರೀರಿ. ಫೋನಿನ್ಯಾಗ ಒದರಾಡಿದ್ದ ಎಲ್ಲೂ ಉಳಿಯಂಗಿಲ್ಲ, ವಾಟ್ಸಾಪ್ ಉಳೀತೈತಿ. ನಾ ಬರದದ್ದ ಹಿಂಗ: "ಸರ್, ನೀವು ಕೂಡ್ರಿಸಿದ ಎಸಿಯ ದೊಡ್ಡ ನಟ್‌ನ್ಯಾಗ ಲೀಕ್ ಐತಿ, ಡ್ರೇನ್ ಇಳಿಜಾರ ಇಲ್ಲ. ಜಾಬ್ ಶೀಟ್, ವಿಡಿಯೋ ಕಳಿಸೇನಿ. ಜಾಯಿಂಟ್ ಹೊಸದಾಗಿ ಮಾಡಿ, ವ್ಯಾಕ್ಯೂಮ್ ಮಾಡಿ (ಪಂಪ್ ಹಚ್ಚಿ ಪೈಪಿನ ಗಾಳಿ ತಗದು), ಗ್ಯಾಸ್ ತುಂಬಿ, ಡ್ರೇನ್ ಸರಿ ಮಾಡಿಕೊಡ್ರಿ. 15 ದಿನ ಟೈಮ್. ಉಳದ 4 ಸಾವಿರ ಕೆಲಸ ಆದ ಮ್ಯಾಲೆ ಕೊಡ್ತೀನಿ." ಬಾಕಿ ರೊಕ್ಕ ಯಾಕ ಹಿಡದೀರಿ ಅನ್ನೂದ ಬರದ ಹೇಳ್ರಿ, ಸುಮ್ಮನ ಹಿಡಕೊಂಡ್ರ ನೀವ ಮಾತ ತಪ್ಪಿದಂಗ ಕಾಣತೈತಿ. ಉತ್ತರ ಬರಲಿಲ್ಲ ಅಂದ್ರ ಅದನ್ನ ಪ್ರಿಂಟ್ ತಗದ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಕೋರಿ.

ಅದಕ್ಕೂ ಬಗ್ಗಲಿಲ್ಲ ಅಂದ್ರ 1915ಕ್ಕ ಫೋನ್ ಹಚ್ರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕಡೀಕ ಜಿಲ್ಲಾ ಗ್ರಾಹಕರ ಆಯೋಗ, ಹುಬ್ಬಳ್ಳಿಯವ್ರಿಗೂ ಅದ ಧಾರವಾಡದಾಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವ ಇರೂ ಜಿಲ್ಲಾದಾಗನ ಹಾಕಬಹುದು, ತಕರಾರ ಹುಟ್ಟಿದ ಎರಡ ವರ್ಷದೊಳಗ ಹಾಕಬೇಕು, ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ರ ಫೀ ಇಲ್ಲ, ವಕೀಲರ ಇರಬೇಕಂತೂ ಇಲ್ಲ. ಪಕ್ಕಾ ಬಿಲ್ ಇಲ್ಲಂತ ಹೆದರಬ್ಯಾಡ್ರಿ, ಯುಪಿಐದಾಗ ಹಾಕಿದ್ದು, ರೇಟ್ ಮಾತಾಡಿದ ಮೆಸೇಜ್ ಎಲ್ಲಾ ಪುರಾವೇನ.

ನಮ್ಮದ ಅಲ್ಲೀತನ ಹೋಗಲಿಲ್ಲ. ಜಾಬ್ ಶೀಟ್ ಫೋಟೋ ಹೋದ ಮೂರನೇ ದಿನಾ ಕಾಂಟ್ರಾಕ್ಟರ್ ಹುಡುಗ್ರನ್ನ ಕರಕೊಂಡ ಬಂದ್ರು. ಪೈಪಿನ ತುದಿ ಕತ್ತರಿಸಿ ಹೊಸಾ ಫ್ಲೇರ್ ಮಾಡಿದ್ರು. ನಾ ವ್ಯಾಕ್ಯೂಮ್ ಪಂಪ್ ಎಲ್ಲೈತಿ ಅಂತ ಕೇಳಿದೆ, ಯಾಕಂದ್ರ ಭಾಳ ಮಂದಿ ಪಂಪ್ ಹಚ್ಚದನ ಒಂದೀಟ ಗ್ಯಾಸ್ ಬಿಟ್ಟು ಗಾಳಿ ಹೊರಗ ಹಾಕಿದಂಗ ಮಾಡ್ತಾರ, ಹಂಗಾದ್ರ ಗಾಳಿ, ಪಸಿ ಒಳಗ ಉಳದ ಕಂಪ್ರೆಸರ್‌ಗೆ ಪೆಟ್ಟ. ತಂದಿರಲಿಲ್ಲ. ಹೋಗಿ ತಗೊಂಡ ಬರಾಕ ಒಂದ ತಾಸ ಹಿಡೀತು, ನಾ ಕಾದ ಕುಂತೆ, ಇಪ್ಪತ್ತ ನಿಮಿಷ ಓಡಿಸಿ ಗೇಜ್ ತೋರಿಸಿದ್ರು. ತೂತ ಬ್ಯಾರೆ ಕೊರದ್ರು, ಬಾಟ್ಲಿ ನೀರ ಪೂರಾ ಇಳೀತು. ಪುಟ್ಟಿ ಬಣ್ಣದ ಖರ್ಚ ಅರ್ಧಾ ಅರ್ಧಾ ಅಂದ್ರು, ಒಪ್ಪಿದೆ. ಒಂದ ವಾರ ಬಿಟ್ಟು ಮತ್ತ ನಟ್ಟಿಗೆ ಸೋಪಿನ ನೀರ ಹಚ್ಚಿ ನೋಡಿದೆ, ಗುಳ್ಳಿ ಇರಲಿಲ್ಲ, ಅವತ್ತ ಸಂಜೀಕ 4 ಸಾವಿರ ಹಾಕಿದೆ.