ವಾರಂಟಿ ಮುಗಿದ ಕಾರಿಗೂ ಉಳಿದಿದ್ದ ಹೊಗೆ ವಾರಂಟಿ

ಅಮೆರಿಕದ ಅಟ್ಲಾಂಟಾ ಸುತ್ತಲಿನ 13 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಕಾರಿನ ನೋಂದಣಿ ನವೀಕರಿಸಲು ಪ್ರತಿ ವರ್ಷ ಹೊಗೆ ಪರೀಕ್ಷೆಯಲ್ಲಿ ಪಾಸಾಗಬೇಕು. ತೀರಾ ಹೊಸ ಮತ್ತು ಬಹಳ ಹಳೆಯ ಕಾರುಗಳಿಗೆ ಮಾತ್ರ ವಿನಾಯಿತಿ. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಕಾರು ನಪಾಸು. ನಾನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದ ಆರು ವರ್ಷ ಹಳೆಯ ಕಾರಿನಲ್ಲಿ ಆ ದೀಪ ಹೊತ್ತಿಕೊಂಡಿತು. ಕಾರಿನ ಕಂಪ್ಯೂಟರ್‌ನಿಂದ ಸಿಕ್ಕಿದ ದೋಷದ ಕೋಡ್ ಪಿ0420: ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಸಾಕಷ್ಟು ಶುದ್ಧಗೊಳಿಸುತ್ತಿಲ್ಲ ಎಂಬ ಸೂಚನೆ. ಅದನ್ನು ಬದಲಿಸಲು ಮೆಕ್ಯಾನಿಕ್ ಹೇಳಿದ ಖರ್ಚು ಸಾವಿರ ಡಾಲರ್ ದಾಟಿತ್ತು.

ಹಣ ಕಟ್ಟುವ ಮೊದಲು ಕಾರಿನ ವಾರಂಟಿ ಪುಸ್ತಿಕೆ ತೆರೆದೆ. ಹೊಗೆ ನಿಯಂತ್ರಣದ ಭಾಗಗಳಿಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯವೇ ಇರುತ್ತದೆ. ಇದು ಕಂಪನಿ ಔದಾರ್ಯದಿಂದ ಕೊಡುವುದಲ್ಲ. ಅಮೆರಿಕದ ಶುದ್ಧ ವಾಯು ಕಾಯ್ದೆ ವಿಧಿಸಿರುವ ಹೊಣೆ. ಈ ಕಾಯ್ದೆಯ ಪ್ರಕಾರ ಹೊಗೆ ನಿಯಂತ್ರಣದ ಸಾಮಾನ್ಯ ಭಾಗಗಳಿಗೆ 2 ವರ್ಷ ಅಥವಾ 24,000 ಮೈಲಿ ರಕ್ಷಣೆ. ಆದರೆ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯನ್ನು ನಿಯಂತ್ರಿಸುವ ಕಂಪ್ಯೂಟರ್ ಮತ್ತು ದೋಷ ಪತ್ತೆ ಹಚ್ಚುವ ಒಬಿಡಿ ಸಾಧನಕ್ಕೆ 8 ವರ್ಷ ಅಥವಾ 80,000 ಮೈಲಿ, ಯಾವುದು ಮೊದಲೋ ಅದು. ಲೆಕ್ಕ ಶುರುವಾಗುವುದು ಮೊದಲ ಮಾಲೀಕನ ಕೈಗೆ ಕಾರು ಬಂದ ದಿನದಿಂದ. ಕಾರು ಕೈ ಬದಲಿಸಿದರೂ ಹಕ್ಕು ಕಾರಿನ ಜೊತೆಗೇ ಸಾಗುತ್ತದೆ. ನನ್ನ ಕಾರು 80,000 ಮೈಲಿ ದಾಟಿರಲಿಲ್ಲ.

ಡೀಲರ್ ಬಳಿ ಹೋದಾಗ ಸರ್ವಿಸ್ ಅಡ್ವೈಸರ್ ವಾರಂಟಿ ಮುಗಿದಿದೆ ಎಂದರು. ಅವರು ಹೇಳಿದ್ದು ಇಡೀ ಕಾರಿನ ಮಾಮೂಲಿ ವಾರಂಟಿಯ ಮಾತು. ನಾನು ಪುಸ್ತಿಕೆಯ ಆ ಪುಟ ತೋರಿಸಿ, 8 ವರ್ಷದ ಫೆಡರಲ್ ಎಮಿಷನ್ಸ್ ವಾರಂಟಿಯಡಿ ಪರೀಕ್ಷಿಸಿ ಎಂದು ಸ್ಪಷ್ಟವಾಗಿ ಕೇಳಿದೆ. ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದೂ ಹೇಳಿದೆ. ಈ ವಾರಂಟಿಯನ್ನು ಅದರ ಹೆಸರು ಹಿಡಿದೇ ಕೇಳಬೇಕು.

ಇನ್ನೊಂದು ಸೂಕ್ಷ್ಮವಿದೆ. ಪಿ0420 ಬಂದ ಮಾತ್ರಕ್ಕೆ ಕನ್ವರ್ಟರ್ ಕೆಟ್ಟಿದೆ ಎಂದಲ್ಲ. ಎಕ್ಸಾಸ್ಟ್ (ಹೊಗೆ ಕೊಳವೆ) ಸೋರಿಕೆಯಿಂದಲೂ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ದೋಷದಿಂದಲೂ ಅದೇ ಕೋಡ್ ಬರಬಹುದು. ಆಕ್ಸಿಜನ್ ಸೆನ್ಸರ್ ಈ 8 ವರ್ಷದ ಪಟ್ಟಿಯಲ್ಲಿ ಇಲ್ಲ. ತಪ್ಪು ಅದರದ್ದಾಗಿದ್ದರೆ ಖರ್ಚು ನನ್ನದೇ ಆಗುತ್ತಿತ್ತು. ಹಾಗಾಗಿ ಪರೀಕ್ಷೆಗೆ ಒಪ್ಪಿಗೆ ಕೊಡುವ ಮುನ್ನವೇ ತಪಾಸಣೆಯ ಶುಲ್ಕವನ್ನು ಯಾವ ಸಂದರ್ಭದಲ್ಲಿ ಯಾರು ಭರಿಸಬೇಕು ಎಂದು ಇತ್ಯರ್ಥ ಮಾಡಿಕೊಂಡೆ. ಕೊನೆಗೆ ದೋಷ ಕನ್ವರ್ಟರ್‌ನಲ್ಲಿಯೇ ಕಂಡುಬಂತು. ಬದಲಿಸಿದ್ದಕ್ಕೆ ನಾನು ಹಣ ಕೊಡಬೇಕಾಗಲಿಲ್ಲ.

ಎಂಜಿನ್ ಆಯಿಲ್ ಬದಲಿಸಿದ ರಶೀದಿಗಳನ್ನೆಲ್ಲ ಜೊತೆಗೆ ಒಯ್ದಿದ್ದೆ. ಅವೆಲ್ಲ ಹೊರಗಿನ ಗ್ಯಾರೇಜಿನವು. ಗ್ರಾಹಕರ ವಾರಂಟಿಗೆ ಸಂಬಂಧಿಸಿದ ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯಂತೆ, ಡೀಲರ್ ಬಳಿ ಸರ್ವಿಸ್ ಮಾಡಿಸಿಲ್ಲ ಎಂಬ ಒಂದೇ ಕಾರಣಕ್ಕೆ ವಾರಂಟಿ ತಪ್ಪಿಸುವಂತಿಲ್ಲ. ಆದರೆ ನಿರ್ವಹಣೆಯ ಕೊರತೆಯಿಂದಲೇ ಭಾಗ ಹಾಳಾಗಿದೆ ಎಂದು ಕಂಡುಬಂದರೆ ನಿರಾಕರಿಸಬಹುದು. ರಶೀದಿಯ ಬೆಲೆ ಅಲ್ಲಿ ತಿಳಿಯುತ್ತದೆ. ವಾರಂಟಿಯ ದುರಸ್ತಿಯನ್ನು ಮಾತ್ರ, ತುರ್ತು ಸಂದರ್ಭ ಬಿಟ್ಟರೆ, ಆ ಕಂಪನಿಯ ಡೀಲರ್ ಬಳಿಯೇ ಮಾಡಿಸಬೇಕು. ಹೊರಗೆ ಮಾಡಿಸಿ ಬಿಲ್ ಕಳಿಸಿದರೆ ಹಣ ಮರಳುವ ಭರವಸೆಯಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯರು ಪುಸ್ತಿಕೆಯಲ್ಲಿ ಆ ರಾಜ್ಯದ ಅಧ್ಯಾಯವನ್ನೂ ಓದಬೇಕು. ಅಲ್ಲಿನ ನಿಯಮಕ್ಕೆ ಒಳಪಟ್ಟ ಕಾರುಗಳ ಸಾಮಾನ್ಯ ಹೊಗೆ ಭಾಗಗಳಿಗೆ 3 ವರ್ಷ ಅಥವಾ 50,000 ಮೈಲಿ, ದುಬಾರಿ ಭಾಗಗಳ ಪಟ್ಟಿಯಲ್ಲಿರುವವಕ್ಕೆ 7 ವರ್ಷ ಅಥವಾ 70,000 ಮೈಲಿ ರಕ್ಷಣೆ ಸಿಗುತ್ತದೆ. ಆ ಪಟ್ಟಿ ಪ್ರತಿ ಮಾದರಿಗೂ ಬೇರೆ, ಪುಸ್ತಿಕೆಯಲ್ಲೇ ಅಚ್ಚಾಗಿರುತ್ತದೆ.