ಮುಚ್ಚಿಗೆ ಹಾಕುವ ಮುನ್ನ ಮಣ್ಣು ನೆನೆಯಲಿ

ಒಣಹುಲ್ಲು, ತರಗೆಲೆ, ರವದಿ (ಕಬ್ಬಿನ ಒಣ ಗರಿ) ತಂದು ಗಿಡದ ಸುತ್ತ ಸುರಿದರೆ ಮುಚ್ಚಿಗೆ, ಅಂದರೆ ಮಣ್ಣಿನ ತೇವ ಕಾಯುವ ಹೊದಿಕೆ, ಆಯಿತು ಎಂದುಕೊಳ್ಳುವವರೇ ಹೆಚ್ಚು. ತಿಂಗಳ ನಂತರ ಅಂಥ ಪಾತಿ ಕೆದಕಿ ನೋಡಿ. ಮೇಲೆ ನಾಲ್ಕು ಇಂಚು ಹುಲ್ಲು, ಕೆಳಗೆ ಬೂದಿಯಂಥ ಒಣಮಣ್ಣು. ಇಲ್ಲವೇ ಚೆನ್ನಾಗಿದ್ದ ಗಿಡ ಬುಡ ಕೊಳೆತು ವಾಲಿರುತ್ತದೆ. ಹುಲ್ಲಿನ ತಪ್ಪೇನೂ ಇಲ್ಲ, ಹಾಕಿದ ಕ್ರಮ ತಪ್ಪಿದೆ.

ಮೊದಲು ಸಾಮಗ್ರಿ. ಒಣಹುಲ್ಲು, ರವದಿ, ತರಗೆಲೆ, ಕಡಲೆಕಾಯಿ ಸಿಪ್ಪೆ, ಬೀಜ ಕಟ್ಟುವ ಮುನ್ನ ಕೊಯ್ದ ಕಳೆ, ಯಾವುದಾದರೂ ಸರಿ. ತರಕಾರಿ ಪಾತಿಗೆ ಒಂದನ್ನೇ ಆರಿಸಬೇಕೆಂದರೆ ಗೇಣುದ್ದ ಕತ್ತರಿಸಿದ ಒಣಹುಲ್ಲು. ಅದು ಮಳೆಗೆ ಹಪ್ಪಳದಂತೆ ಅಂಟಿಕೊಳ್ಳುವುದಿಲ್ಲ. ದೊಡ್ಡ ಎಲೆಗಳನ್ನು ಹಾಗೇ ಹಾಸಬೇಡಿ. ನೆನೆದಾಗ ಒಂದರ ಮೇಲೊಂದು ಅಂಟಿ ಹಾಳೆಯಾಗುತ್ತವೆ, ನೀರು ಪಕ್ಕಕ್ಕೆ ಜಾರುತ್ತದೆ. ತುಳಿದು ಪುಡಿಮಾಡಿ ಹಾಕಿ. ನೀಲಗಿರಿಯ ಹಸಿ ಎಲೆ ಬೇಡ, ಅದರಿಂದ ಇಳಿಯುವ ರಸ ಎಳೆಯ ಸಸಿಗಳ ಬೆಳವಣಿಗೆಯನ್ನು ತಡೆಯುತ್ತದೆ.

ಚೀಲದಲ್ಲಿ ಬರುವ ಬಣ್ಣ ಹಚ್ಚಿದ ಮರದ ಚಕ್ಕೆಯನ್ನು ಕೊಳ್ಳಲೇಬೇಡಿ. ಯಾವ ಮರದ್ದು ಎಂದು ಗೊತ್ತಾಗುವುದಿಲ್ಲ, ಹಳೆಯ ಪೆಟ್ಟಿಗೆಗಳ ಮರವೂ ಸೇರಿರಬಹುದು. ಹೊರಗಿನಿಂದ ತಂದ ಹುಲ್ಲಿಗೆ ಇನ್ನೊಂದು ಅಪಾಯವಿದೆ. ಅಮಿನೋಪೈರಾಲಿಡ್, ಕ್ಲೋಪಿರಾಲಿಡ್ ಎಂಬ ಕಳೆನಾಶಕಗಳು ಒಣಗಿದ ಹುಲ್ಲಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ದನ ತಿಂದು ಹಾಕಿದ ಸಗಣಿಯಲ್ಲೂ ಉಳಿಯುತ್ತವೆ. ಟೊಮೆಟೊ, ಬೀನ್ಸ್‌ನಂಥ ಅಗಲ ಎಲೆಯ ಬೆಳೆಗಳ ಚಿಗುರು ಇದರಿಂದ ಮುರುಟುತ್ತದೆ. ಅನುಮಾನವಿದ್ದರೆ ಆ ಹುಲ್ಲನ್ನು ಸಣ್ಣಗೆ ಹೆಚ್ಚಿ ಕುಂಡದ ಮಣ್ಣಿಗೆ ಬೆರೆಸಿ ನಾಲ್ಕು ಬೀನ್ಸ್ ಕಾಳು ಊರಿ. ಮೂರು ವಾರದಲ್ಲಿ ಹೊಸ ಎಲೆ ದೊನ್ನೆಯಂತೆ ಮಡಚಿಕೊಂಡರೆ ಆ ಹುಲ್ಲು ಪಾತಿಗೆ ಬೇಡ.

ಎಷ್ಟು ಬೇಕು? 10 ಅಡಿ ಉದ್ದ, 4 ಅಡಿ ಅಗಲದ ಪಾತಿಗೆ 3 ಇಂಚು ದಪ್ಪ ಹಾಕಲು 10 ಘನ ಅಡಿ. ಹೊಲದ ಲೆಕ್ಕ ಬೇರೆ. ಅಲ್ಲಿ ಎಕರೆಗೆ ಸುಮಾರು 2 ಟನ್ ಒಣಹುಲ್ಲನ್ನು ತೆಳ್ಳಗೆ, ಆದರೆ ಮಣ್ಣು ಕಾಣದಂತೆ ಹರಡಿದರೂ ಕೆಲಸವಾಗುತ್ತದೆ.

ಕಳೆ ಕೀಳಿ, ಬೇರುಸಹಿತ. ಹನಿ ನೀರಾವರಿ ಇದ್ದರೆ ಪೈಪನ್ನು ಮುಚ್ಚಿಗೆಯ ಕೆಳಗೆ ಬರುವಂತೆ ಎಳೆದು, ಒಂದೊಂದು ರಂಧ್ರವೂ ತೊಟ್ಟಿಕ್ಕುತ್ತಿದೆಯೇ ನೋಡಿಕೊಳ್ಳಿ. ಮುಚ್ಚಿದ ಮೇಲೆ ಕಟ್ಟಿಕೊಂಡ ರಂಧ್ರ ಕಣ್ಣಿಗೆ ಬೀಳುವುದು ಗಿಡ ಬಾಡಿದಾಗಲೇ.

ಇನ್ನು ನೆನೆಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಮುಚ್ಚಿಗೆ ಮಣ್ಣಿನಲ್ಲಿ ಈಗಾಗಲೇ ಇರುವ ತೇವವನ್ನು ಕಾಯುತ್ತದೆ, ಹೊಸದಾಗಿ ನೀರು ತರುವುದಿಲ್ಲ. ಒಣಮಣ್ಣಿನ ಮೇಲೆ ಹಾಸಿದರೆ ಆಮೇಲೆ ಬರುವ ತುಂತುರು ಮಳೆಯನ್ನು ಹುಲ್ಲೇ ಹೀರಿ, ಬಿಸಿಲಿಗೆ ಮತ್ತೆ ಬಿಟ್ಟುಕೊಡುತ್ತದೆ. ಬೇರಿಗೆ ಹನಿಯೂ ಸಿಗುವುದಿಲ್ಲ.

ಅಳತೆ ಹೀಗಿದೆ. ಒಂದು ಇಂಚು ನೀರು ಮರಳು ಮಣ್ಣಿನಲ್ಲಿ ಸುಮಾರು 12 ಇಂಚು ಆಳಕ್ಕೆ ಇಳಿಯುತ್ತದೆ, ಗೋಡು ಮಣ್ಣಿನಲ್ಲಿ (ಮರಳು, ಜೇಡಿ ಎರಡೂ ಬೆರೆತದ್ದು) 6ರಿಂದ 7 ಇಂಚು, ಜೇಡಿಮಣ್ಣಿನಲ್ಲಿ 4ರಿಂದ 5 ಇಂಚು. ಮೇಲೆ ಹೇಳಿದ ಪಾತಿಗೆ ಒಂದು ಇಂಚು ನೀರೆಂದರೆ ಹತ್ತಿರಹತ್ತಿರ 95 ಲೀಟರ್, ಅಂದರೆ ಆರೇಳು ದೊಡ್ಡ ಬಕೆಟ್. ಎರಡು ಬಕೆಟ್ ಚಿಮುಕಿಸಿ ಮಣ್ಣು ಕಪ್ಪಾಯಿತು ಎಂದು ನಿಲ್ಲಿಸಿದರೆ ಒದ್ದೆಯಾಗಿರುವುದು ಮೇಲಿನ ಎರಡು ಇಂಚು ಮಾತ್ರ. ಜೇಡಿಮಣ್ಣಿಗೆ ಒಮ್ಮೆಲೇ ಸುರಿದರೆ ಹರಿದುಹೋಗುತ್ತದೆ. ಅರ್ಧ ಹಾಕಿ, ಒಂದು ಗಂಟೆ ಇಂಗಲು ಬಿಟ್ಟು, ಉಳಿದರ್ಧ ಹಾಕಿ.

ಮಾರನೇ ದಿನ ಸಲಿಕೆಯಿಂದ 6 ಇಂಚು ಆಳ ತೆಗೆದು ತಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಅದು ಹದ. ಉದುರಿದರೆ ಇನ್ನಷ್ಟು ನೀರು ಬೇಕು. ಬೆರಳ ಸಂದಿಯಿಂದ ನೀರು ಜಿನುಗಿದರೆ ಎರಡು ದಿನ ಕಾಯಿರಿ, ಕೆಸರಿನ ಮೇಲೆ ಮುಚ್ಚಿದರೆ ಬೇರಿಗೆ ಉಸಿರುಕಟ್ಟುತ್ತದೆ. ಒಳ್ಳೆಯ ಮಳೆ ಬಿದ್ದ ಮಾರನೆಯ ದಿನ ಹಾಕುವುದಾದರೆ ನೀರು ಹಾಕುವ ಈ ಕೆಲಸವೆಲ್ಲ ಉಳಿತಾಯವಾಗುತ್ತದೆ. ಅದೊಂದೇ ನಂಬಬಹುದಾದ ಅಡ್ಡದಾರಿ, ಆದರೂ ಸಲಿಕೆಯ ಪರೀಕ್ಷೆ ಬಿಡಬೇಡಿ.

ಸಸಿಗಳು ಗೇಣುದ್ದ ಬೆಳೆದ ಮೇಲೆ ಹರಡಿ. ಒಣಹುಲ್ಲು 3 ಇಂಚು. ಹಸಿ ಹುಲ್ಲಾದರೆ ಒಂದು ಸಲಕ್ಕೆ ಒಂದೇ ಇಂಚು, ಅದು ಒಣಗಿದ ಮೇಲೆ ಇನ್ನೊಂದು. ಹಸಿಯನ್ನು ದಪ್ಪಗೆ ಪೇರಿಸಿದರೆ ಬಿಸಿಯೇರಿ, ಗಾಳಿಯಾಡದೆ ಲೋಳೆಯಾಗಿ ನಾರುತ್ತದೆ. ತರಕಾರಿ ಗಿಡದ ಕಾಂಡದಿಂದ 2 ಇಂಚು, ಹಣ್ಣಿನ ಮರದ ಕಾಂಡದಿಂದ 6 ಇಂಚು ಬರಿಮಣ್ಣು ಬಿಡಿ. ಬುಡಕ್ಕೆ ಗುಡ್ಡೆ ಹಾಕಿದರೆ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆರೋಗ ಹತ್ತುತ್ತದೆ, ಇಲಿಗೂ ಗೂಡು ಸಿಗುತ್ತದೆ. ಮರಕ್ಕೆ ಮುಚ್ಚಿಗೆ ಬೇಕಾಗಿರುವುದು ಹೊರಗಡೆ, ಕೊಂಬೆಗಳ ತುದಿಯ ನೆರಳು ಬೀಳುವವರೆಗೆ. ನೀರು ಹೀರುವ ಸಣ್ಣ ಬೇರುಗಳು ಅಲ್ಲಿವೆ.

ಎರಡು-ಮೂರು ವಾರದಲ್ಲಿ ಕೆಳಗಿನ ಎಲೆಗಳು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಒಣಹುಲ್ಲಿನಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ 80 ಪಾಲಿನಷ್ಟಿರುತ್ತದೆ, ಮರದ ಹೊಟ್ಟಿನಲ್ಲಿ 400 ದಾಟುವುದೂ ಉಂಟು. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಮೇಲೆ ಹಾಸಿದರೆ ತೊಂದರೆ ಮೇಲ್ಪದರಕ್ಕಷ್ಟೇ, ಮಣ್ಣಿಗೆ ಬೆರೆಸಿದರೆ ಇಡೀ ಬೆಳೆಗೆ. ಆದ್ದರಿಂದ ಮರದ ಹೊಟ್ಟನ್ನು ಎಂದೂ ಅಗೆದು ಸೇರಿಸಬೇಡಿ. ಹುಲ್ಲು ಹಾಸುವ ಮುನ್ನವೇ ಅರ್ಧ ಇಂಚು ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿದರೆ, ಇಲ್ಲವೇ ಗ್ಲಿರಿಸಿಡಿಯಾದಂಥ ದ್ವಿದಳ ಸೊಪ್ಪಿನ ಒಂದು ಪದರ ಕೊಟ್ಟರೆ ಈ ಹಳದಿ ಬಹುಮಟ್ಟಿಗೆ ಕಾಣಿಸಿಕೊಳ್ಳುವುದಿಲ್ಲ.

ತಿಂಗಳಿಗೊಮ್ಮೆ ಒಂದು ಮೂಲೆ ಎತ್ತಿ ನೋಡಿ. ಮಣ್ಣಿಗೆ ತಾಗಿದ ಹುಲ್ಲಿನಲ್ಲಿ ಬಿಳಿ ನೂಲಿನಂಥ ಶಿಲೀಂಧ್ರ, ಸಾಸಿವೆ ಕಾಳಿನಂಥ ಎರೆಹುಳುವಿನ ಹಿಕ್ಕೆ, ಮೊದಲ ಮಳೆಯ ವಾಸನೆ ಇದ್ದರೆ ಎಲ್ಲ ಸರಿಯಿದೆ. ಶಿಲೀಂಧ್ರ ಕಂಡು ಹೆದರಿ ಔಷಧಿ ಹೊಡೆಯಬೇಡಿ, ಹುಲ್ಲನ್ನು ಗೊಬ್ಬರ ಮಾಡುತ್ತಿರುವುದೇ ಅದು. ಹುಳಿ ವಾಸನೆ ಬಂದರೆ ಪದರವನ್ನು ಕೆದರಿ ಗಾಳಿಯಾಡಿಸಿ. ಜಡಿಮಳೆಯಲ್ಲಿ ಗೊಂಡೆಹುಳು, ಬಸವನಹುಳು ಕಾಣಿಸಿದರೆ ಒಂದು ಇಂಚು ಉಳಿಸಿ ಮಿಕ್ಕದ್ದನ್ನು ಸಾಲಿನ ನಡುವೆ ಎಳೆದಿಡಿ.

ದಪ್ಪ ಒಂದೂವರೆ ಇಂಚಿಗೆ ಇಳಿದಾಗ ಮತ್ತೆ ಹಾಕಿ, ಪ್ರತಿ ಸಲವೂ ಕೆಳಗಿನ ಮಣ್ಣಿನ ಹದ ನೋಡಿಯೇ. ಮುಂದಿನ ಬಿತ್ತನೆಗೆ ಹಳೆಯ ಮುಚ್ಚಿಗೆ ಕಿತ್ತು ಸುಡಬೇಡಿ. ಸಾಲಿನಷ್ಟು ಅಗಲ ಬದಿಗೆ ಸರಿಸಿ, ಬಿತ್ತಿ, ಮೊಳಕೆ ಗೇಣುದ್ದ ಬಂದ ಮೇಲೆ ಅದನ್ನೇ ವಾಪಸು ಎಳೆದುಕೊಳ್ಳಿ.